ಮಂಡಿಯೂರಿದ ಟಗರು

ಬದುಕಿದ್ದಷ್ಟು ದಿನ ಎಲ್ಲರನ್ನೂ ಗುದ್ದಿ ಮುಂದೆ ನಿಂತ ಟಗರೊಂದು ಸತ್ತು ಪರಲೋಕದ ಬೆಟ್ಟ ಏರತೊಡಗಿತು. ಮೇಲೆ ತುತೂರಿ ಮೊಳಗಿತು, ಸ್ವರ್ಗದ ಬಾಗಿಲು ತೆರೆಯಿತು! ಟಗರು ಒಂದೇ ಉಸಿರಿಗೆ ಓಡಿತು. ಬಾಗಿಲ ಮುಂದಿನ ಕೊನೆಯ ಬಂಡೆ ಎತ್ತರವಾಗಿತ್ತು. ಅದರ ಬುಡದಲ್ಲಿ ಕುಂಟ ಕುರಿಯೊಂದು ಹತ್ತಲಾರದೆ ನಿಂತಿತ್ತು. ಟಗರನ್ನು ಕಂಡದ್ದೇ ತಡ, ಕುರಿ ನಡುಗುತ್ತಾ ಪಕ್ಕಕ್ಕೆ ಸರಿಯಿತು.

"ನೀನೇ ಮೊದಲು ಹೋಗಪ್ಪ. ಉಳಿದ ಕಾಲುಗಳನ್ನಾದರೂ ಬಿಟ್ಟುಬಿಡು."

ಟಗರು ಗಕ್ಕನೆ ನಿಂತಿತು. ಆ ಕಾಲು ಮುರಿದದ್ದು ತನ್ನ ಕೊಂಬಿನಿಂದಲೇ. ಹಳ್ಳದ ನೀರಿಗೆ ತಾನೇ ಮೊದಲು ಬಾಯಿಡಬೇಕೆಂಬ ಹಟದಲ್ಲಿ ಅಂದು ಅದು ಹಿಂತಿರುಗಿಯೂ ನೋಡಿರಲಿಲ್ಲ.

"ತಪ್ಪಾಯಿತಕ್ಕ," ಎಂದು ಟಗರು ಮಂಡಿಯೂರಿ ತಲೆ ಬಗ್ಗಿಸಿತು. "ಹೆದರಬೇಡ, ನನ್ನ ಬೆನ್ನ ಮೇಲೆ ಕಾಲಿಡು. ಬೇಗ, ಬೇಗ!"

ಕುರಿ ಅಳುಕುತ್ತಲೇ ಕಾಲಿಟ್ಟಿತು, ಹಾರಿತು, ಒಳಗೆ ಹೋಯಿತು! ಟಗರಿಗೆ ಎಂದೂ ಕಾಣದ ಹಿಗ್ಗು. ಹಿಂದೆ ಬಂದ ಮುದಿ ನಾಯಿಯನ್ನೂ ಹತ್ತಿಸಿತು, ಆಮೆಯನ್ನೂ ಹತ್ತಿಸಿತು.

ದೇವದೂತನು ಮೇಲಿನಿಂದ ಬಗ್ಗಿ ಕರೆದನು: "ಟಗರೇ, ನಿನ್ನ ಸರದಿ ಬಂತು, ಏಳು."

"ಸ್ವಲ್ಪ ತಡೆಯಿರಿ ಸ್ವಾಮಿ!" ಟಗರು ಮಂಡಿಯೂರಿದಲ್ಲಿಂದಲೇ ಕೂಗಿತು. "ಕೆಳಗೆ ಇನ್ನೂ ಯಾರೋ ಏದುಸಿರು ಬಿಡುತ್ತಾ ಬರುತ್ತಿದ್ದಾರೆ!"