ಕೈ ನೋಯಿಸುತ್ತಿದ್ದ ಐರನ್

ಹೊಸದುರ್ಗದ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ತಿಪ್ಪೇಸ್ವಾಮಿ ಎಂಬ ರಿಪೇರಿ ಕೆಲಸಗಾರನಿದ್ದ. ಮಿಕ್ಸಿ, ಟಿವಿ, ಯುಪಿಎಸ್, ಮದುವೆ ಮನೆಯ ಆಂಪ್ಲಿಫೈಯರ್, ಏನು ತಂದುಕೊಟ್ಟರೂ ಬಿಚ್ಚಿ ಸರಿಮಾಡುತ್ತಿದ್ದ. ಕೆಲಸದಲ್ಲಿ ಮೋಸ ಇರಲಿಲ್ಲ. ಮಾತು ಮಾತ್ರ ಸ್ವಲ್ಪ ಒರಟು.

ಅವನ ಬಳಿ ಬೆಸುಗೆ ಹಾಕಲು ಹಳೆಯದೊಂದು ಸೋಲ್ಡರಿಂಗ್ ಐರನ್ ಇತ್ತು. ಅದರ ಹಿಡಿ ಎಂದೋ ಸೀಳಿತ್ತು. ಸೀಳಿದ ಕಡೆ ಕರಿ ಟೇಪು ಸುತ್ತಿದ್ದ. ಸ್ವಲ್ಪ ಹೊತ್ತು ಕೆಲಸ ಮಾಡಿದರೆ ಬಿಸಿ ಹಿಡಿಗೂ ಏರುತ್ತಿತ್ತು, ಟೇಪು ಕರಗಿ ಬೆರಳಿಗೆ ಅಂಟುತ್ತಿತ್ತು. ವೈರು ಗಡುಸಾಗಿದ್ದು ಮಣಿಕಟ್ಟನ್ನು ಹಿಂದಕ್ಕೆ ಎಳೆಯುತ್ತಿತ್ತು. ಐರನ್ನಿನ ತುದಿಗೆ ಹಾಕುವ ತಾಮ್ರದ ಬಿಟ್ ಕೂಡ ಒಂದೇ. ದಪ್ಪನೆಯದು. ಟ್ರಾನ್ಸ್‌ಫಾರ್ಮರಿನ ದಪ್ಪ ತಂತಿಗೂ ಅದೇ, ರೇಡಿಯೋದ ಸಣ್ಣ ಬೋರ್ಡಿಗೂ ಅದೇ.

ಒಂದು ವರ್ಷದಿಂದ ತಿಪ್ಪೇಸ್ವಾಮಿಯ ಬಲಗೈ ಹೆಬ್ಬೆರಳಿನ ಬುಡ ನೋಯುತ್ತಿತ್ತು. ಬೆಳಿಗ್ಗೆ ಅಂಗಿಯ ಗುಂಡಿ ಹಾಕಿಕೊಳ್ಳಲು ಕಷ್ಟವಾಗುತ್ತಿತ್ತು. ಹೆಂಡತಿ ರುದ್ರಮ್ಮ ಗಮನಿಸಿದಳು.

"ರೀ, ಆ ಐರನ್ ಬಿಸಾಕಿ ಬೇರೇದು ತಗೋಬಾರದಾ? ದಿನಾ ಕೈಗೆ ಎಣ್ಣೆ ತಿಕ್ಕೋದೇ ಆಯ್ತಲ್ಲ."

"ಕೈ ಗಟ್ಟಿಯಿದ್ರೆ ಯಾವ ಐರನ್ ಆದ್ರೇನು? ನೋವು ತಡ್ಕೊಂಡು ಮಾಡಿದ್ರೇನೇ ಕೆಲಸ. ಸುಖ ಬೇಕು ಅನ್ನೋರು ಈ ಕಸುಬಿಗೆ ಬರಬಾರದು" ಎಂದು ತಿಪ್ಪೇಸ್ವಾಮಿ ಗುಂಡಿ ಹಾಕಿಕೊಳ್ಳುತ್ತಲೇ ಹೇಳಿದ.

ಹಾಗೆ ಹೇಳುವಾಗ ಅವನ ಮನಸ್ಸಿನಲ್ಲಿ ಸರ್ವಮಂಗಳಾ ಇದ್ದಳು. ಇಬ್ಬರೂ ಒಬ್ಬರೇ ಮೇಷ್ಟ್ರ ಹತ್ತಿರ ಕೆಲಸ ಕಲಿತವರು. ಕಲಿಯುವಾಗ ಅವಳು ಐರನ್ನಿನ ಹಿಡಿಗೆ ಹತ್ತಿ ಬಟ್ಟೆ ಸುತ್ತಿಕೊಳ್ಳುತ್ತಿದ್ದಳು. ಪ್ರತಿ ಕೆಲಸಕ್ಕೂ ಬಿಟ್ ಬದಲಿಸುತ್ತಿದ್ದಳು. "ಕೆಲಸ ಮಾಡೋಕೆ ಬಂದಿದ್ದೀಯೋ ಸಿಂಗಾರ ಮಾಡೋಕೆ ಬಂದಿದ್ದೀಯೋ" ಎಂದು ಅವನು ನಗುತ್ತಿದ್ದ. ಈಗ ಅವಳದ್ದೂ ಅದೇ ಊರಿನಲ್ಲಿ, ತಾಲ್ಲೂಕು ಕಚೇರಿ ರಸ್ತೆಯಲ್ಲಿ ಒಂದು ಅಂಗಡಿ. ತಿಪ್ಪೇಸ್ವಾಮಿ ಆ ಕಡೆ ಹೋಗುತ್ತಿರಲಿಲ್ಲ.

ಒಂದು ಬೆಳಿಗ್ಗೆ ಗಿರಿಜಮ್ಮ ಎಂಬ ಹೆಂಗಸು ಮಗಳನ್ನು ಕರೆದುಕೊಂಡು ಅವನ ಅಂಗಡಿಗೆ ಬಂದಳು. ಗಿರಿಜಮ್ಮ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವಳು. ಮಗಳು ಸಿಂಚನಾಗೆ ಆರು ವರ್ಷವಿರಬಹುದು. ಆ ಮಗುವಿಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಒಂದು ಕಿವಿ ಮಷಿನ್ ಕೊಟ್ಟಿದ್ದರು. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. ಅದನ್ನು ಅಂಗಿಯ ಜೇಬಿನಲ್ಲಿಟ್ಟು, ಅದರಿಂದ ಹೊರಟ ವೈರನ್ನು ಕಿವಿಗೆ ಸಿಕ್ಕಿಸಬೇಕು.

"ಬೆಂಚಿಗೆ ವೈರು ಸಿಕ್ಕಾಕ್ಕೊಂಡು ಎಳೆದುಬಿಡ್ತು ಅಣ್ಣಾ. ಆವಾಗಿಂದ ಕೇಳ್ತಾ ಇಲ್ಲ" ಎಂದಳು ಗಿರಿಜಮ್ಮ. "ಈಗೀಗ ಒಂದೊಂದು ಮಾತು ಕಲೀತಾ ಇದ್ದಾಳೆ. ನೀರು ಅಂತಾಳೆ, ಬಾ ಅಂತಾಳೆ. ಹೊಸಾ ಮಷಿನ್ ಬೇಕಂದ್ರೆ ತಿಂಗಳುಗಟ್ಟಲೆ ಕಾಯ್ಬೇಕಂತೆ. ಅಷ್ಟರಲ್ಲಿ ಕಲ್ತಿದ್ದೂ ಮರೆತುಬಿಡ್ತಾಳೆ."

ತಿಪ್ಪೇಸ್ವಾಮಿ ಮಷಿನ್ ಬಿಚ್ಚಿ ನೋಡಿದ. ವೈರು ಸಿಕ್ಕಿಸುವ ಸಾಕೆಟ್ಟು ಬೋರ್ಡಿನಿಂದ ಸಡಿಲವಾಗಿತ್ತು, ಅಷ್ಟೆ. ಅದರ ಸಣ್ಣ ಕಾಲುಗಳಿಗೆ ಮತ್ತೆ ಬೆಸುಗೆ ಹಾಕಿದರೆ ಮುಗಿಯಿತು.

"ಕೂತ್ಕೋ ತಾಯಿ, ಈಗ ಆಗುತ್ತೆ" ಎಂದ.

ಗಿರಿಜಮ್ಮ ಮಗಳೊಂದಿಗೆ ಹೊರಗಿನ ಕಲ್ಲಿನ ಮೇಲೆ ಕುಳಿತಳು. ತಿಪ್ಪೇಸ್ವಾಮಿ ಐರನ್ ಕಾಯಿಸಿದ. ಸಾಕೆಟ್ಟಿನ ಕಾಲುಗಳು ಒಂದರ ಪಕ್ಕ ಒಂದು ಒತ್ತಾಗಿದ್ದವು. ದಪ್ಪ ಬಿಟ್ಟನ್ನು ಒಂದು ಕಾಲಿಗೆ ಮುಟ್ಟಿಸಿದರೆ ಪಕ್ಕದ ಕಾಲಿಗೂ ತಾಗುತ್ತಿತ್ತು. ಕರಗಿದ ಬೆಸುಗೆಯ ಸೀಸ ಎರಡು ಕಾಲುಗಳ ನಡುವೆ ಹರಿದು ಕೂಡಿಕೊಂಡಿತು. ಅದನ್ನು ತೆಗೆಯಲು ಮತ್ತೆ ಕಾಯಿಸಿದ. ಆಗಲೂ ಪೂರ್ತಿ ಬರಲಿಲ್ಲ. ಇನ್ನೊಮ್ಮೆ ಕಾಯಿಸಿ ಗಟ್ಟಿಯಾಗಿ ಒತ್ತಿ ಹಿಡಿದ. ಹಿಡಿ ಬಿಸಿಯಾಗಿ ಟೇಪು ಅಂಗೈಗೆ ಜಾರತೊಡಗಿತು. ಹೆಬ್ಬೆರಳು ಚುಳುಕ್ಕೆಂದಿತು. ಕೈ ನಡುಗಿತು. ಬಿಟ್ ಜಾರಿ ಸಾಕೆಟ್ಟಿನ ಪ್ಲಾಸ್ಟಿಕ್ಕಿಗೆ ತಾಗಿ ಹೊಗೆ ಎದ್ದಿತು.

ಅವನು ಐರನ್ ಕೆಳಗಿಟ್ಟು ಭೂತಗನ್ನಡಿಯಲ್ಲಿ ನೋಡಿದ. ಪ್ಲಾಸ್ಟಿಕ್ಕಿನ ಅಂಚು ಸ್ವಲ್ಪ ಸುಟ್ಟಿತ್ತು, ಅದು ದೊಡ್ಡದಲ್ಲ. ಆದರೆ ಕಾಲುಗಳ ಬುಡದಲ್ಲಿ ಬೋರ್ಡಿಗೆ ಅಂಟಿಕೊಂಡಿದ್ದ ತಾಮ್ರದ ಪುಟ್ಟ ಬಿಲ್ಲೆಯೊಂದು ಎದ್ದು ಸುರುಳಿಯಾಗಿತ್ತು. ಆ ಬಿಲ್ಲೆ ಹೋದ ಮೇಲೆ ಬೆಸುಗೆ ಹಿಡಿಯಲು ಅಲ್ಲಿ ಜಾಗವೇ ಇಲ್ಲ. ಬಂದಾಗ ಸಡಿಲವಾಗಿದ್ದ ಮಷಿನ್ ಈಗ ಅವನ ಕೈಯಲ್ಲೇ ಕೆಟ್ಟಿತ್ತು.

ತಿಪ್ಪೇಸ್ವಾಮಿ ಹೊರಗೆ ನೋಡಿದ. ತಾಯಿ ಮಗಳ ಕೆನ್ನೆ ಹಿಡಿದು, ತನ್ನ ತುಟಿ ತೋರಿಸಿ ನಿಧಾನವಾಗಿ ಏನೋ ಹೇಳುತ್ತಿದ್ದಳು. ಮಗು ತುಟಿಯನ್ನೇ ನೋಡುತ್ತಿತ್ತು.

'ಇದು ಮೊದಲೇ ಹೋಗಿತ್ತು ತಾಯಿ, ರಿಪೇರಿ ಆಗಲ್ಲ' ಎಂದರೆ ಗಿರಿಜಮ್ಮ ನಂಬುತ್ತಿದ್ದಳು. ಬೋರ್ಡಿನ ತಾಮ್ರ ಹೇಗಿರಬೇಕೆಂದು ಅವಳಿಗೇನು ಗೊತ್ತು? ಊರಲ್ಲೂ ಯಾರೂ ಕೇಳುತ್ತಿರಲಿಲ್ಲ. ತಿಪ್ಪೇಸ್ವಾಮಿಯ ಬಾಯಿಗೆ ಆ ಮಾತು ಬಂದಿತ್ತು ಕೂಡ. ಅವನು ಅದನ್ನು ನುಂಗಿದ. ಸ್ವಿಚ್ಚು ಆರಿಸಿ ಹೊರಗೆ ಬಂದ.

"ತಾಯಿ, ಸಣ್ಣ ರಿಪೇರಿ ಇತ್ತು. ನಾನು ಕೈಯಾರೆ ದೊಡ್ಡದು ಮಾಡ್ಬಿಟ್ಟೆ. ನನ್ನ ತಪ್ಪು. ಆದ್ರೆ ಇದನ್ನ ಸರಿ ಮಾಡೋರು ಒಬ್ಬರಿದ್ದಾರೆ. ಬಾ, ನಾನೇ ಕರ್ಕೊಂಡು ಹೋಗ್ತೀನಿ."

ಗಿರಿಜಮ್ಮನ ಮುಖ ಬಾಡಿತು. ಮಗಳ ಕೈ ಹಿಡಿದು ಎದ್ದಳು.

ಸರ್ವಮಂಗಳಾ ತನ್ನ ಅಂಗಡಿಯ ಬಾಗಿಲಲ್ಲಿ ತಿಪ್ಪೇಸ್ವಾಮಿಯನ್ನು ಕಂಡು ಆಶ್ಚರ್ಯಪಟ್ಟಳು.

"ಬನ್ನಿ ಸ್ವಾಮಣ್ಣ, ಇವತ್ತು ಈ ಕಡೆ ದಾರಿ ಸಿಕ್ತಾ?"

"ಮಂಗಳಾ, ಮಗೂದು ಕಿವಿ ಮಷಿನ್ನು. ನನ್ನಿಂದ ಕೆಟ್ಟುಹೋಯ್ತು. ನೀನು ನೋಡ್ಬೇಕು."

ಅವಳು ಮತ್ತೇನೂ ಕೇಳದೆ ಬೋರ್ಡನ್ನು ದೀಪದ ಕೆಳಗೆ ಹಿಡಿದಳು. ಎದ್ದ ಬಿಲ್ಲೆ ನೋಡಿದಳು. ಅಲ್ಲಿಂದ ಹೊರಟ ತಾಮ್ರದ ಗೆರೆ ಇನ್ನೂ ಗಟ್ಟಿಯಾಗಿತ್ತು.

"ಆಗುತ್ತೆ. ಗೆರೆಯನ್ನ ಸ್ವಲ್ಪ ಕೆರೆದು, ಅಲ್ಲಿಂದ ಕಾಲಿಗೆ ಕೂದಲಿನಂಥ ತಂತಿ ಎಳೆದ್ರೆ ಸಾಕು" ಎಂದಳು. ಆಮೇಲೆ ಕುರ್ಚಿಯಿಂದ ಎದ್ದು, "ಕೂತ್ಕೊಳ್ಳಿ, ನೀವೇ ಮಾಡಿ" ಎಂದಳು.

"ಹಾಸ್ಯ ಮಾಡ್ಬೇಡ. ನನ್ನ ಕೈ ನಡುಗುತ್ತೆ."

"ಹಾಸ್ಯ ಅಲ್ಲಣ್ಣ. ತೆಳ್ಳನೆ ತಂತಿ ಕೂರಿಸೋದ್ರಲ್ಲಿ ನಿಮ್ಮಷ್ಟು ಚೊಕ್ಕ ಕೆಲಸ ಆವಾಗ ನಮ್ಮಲ್ಲಿ ಯಾರೂ ಮಾಡ್ತಿರಲಿಲ್ಲ. ಒಂದ್ಸಲ ಇದನ್ನ ಹಿಡಿದು ನೋಡಿ."

ಅವಳು ಕೊಟ್ಟ ಐರನ್ ಹಗುರವಾಗಿತ್ತು. ಹಿಡಿಗೆ ಮೆತ್ತನೆಯ ರಬ್ಬರಿನ ಹೊದಿಕೆ. ವೈರು ಹಗ್ಗದಂತೆ ಮೆದು, ಎಳೆಯುತ್ತಿರಲಿಲ್ಲ. ಹಿಡಿದ ಜಾಗದಿಂದ ಬಿಟ್ಟಿನ ತುದಿ ಬಹಳ ದೂರವೂ ಇರಲಿಲ್ಲ. ಪೆನ್ನು ಹಿಡಿದಂತೆಯೇ ಇತ್ತು. ತಿಪ್ಪೇಸ್ವಾಮಿಗೆ ಹಿಡಿಯನ್ನು ಬಿಗಿಯಾಗಿ ಒತ್ತುವ ಅಗತ್ಯವೇ ಬೀಳಲಿಲ್ಲ. ಹೆಬ್ಬೆರಳು ಸುಮ್ಮನೆ ಕೂತಿತು.

ಸರ್ವಮಂಗಳಾ ಬಿಟ್ಟುಗಳಿದ್ದ ಡಬ್ಬಿ ಮುಂದಿಟ್ಟಳು. ಒಂದು ಸೂಜಿಯಂತೆ ಚೂಪು. ಒಂದು ಸಣ್ಣ ಉಳಿಯಂತೆ ಚಪ್ಪಟೆ. ಒಂದು ಓರೆಯಾಗಿ ಕತ್ತರಿಸಿದ್ದು. ಒಂದು ದಪ್ಪ. ತಿಪ್ಪೇಸ್ವಾಮಿ ದಪ್ಪದ್ದನ್ನು ಕಣ್ಣೆತ್ತಿಯೂ ನೋಡಲಿಲ್ಲ. ಸೀದಾ ಸೂಜಿಯಂಥದ್ದಕ್ಕೆ ಕೈ ಹಾಕಿದ.

"ಅದು ಬೇಡಣ್ಣ" ಎಂದಳು ಸರ್ವಮಂಗಳಾ.

"ಸಣ್ಣ ಕೆಲಸ ಅಲ್ವಾ? ಎಲ್ಲಕ್ಕಿಂತ ಸಣ್ಣದೇ ಬೇಕಲ್ಲ."

"ಅಷ್ಟು ಚೂಪಾದ್ರೆ ತುದೀಲಿ ಬಿಸಿ ನಿಲ್ಲಲ್ಲ. ಸೀಸ ಕರಗಲಿಲ್ಲ ಅಂತ ಮತ್ತೆ ಒತ್ತಿ ಹಿಡೀತೀರಿ. ಇನ್ನೊಂದು ಬಿಲ್ಲೆ ಏಳುತ್ತೆ. ಈ ಚಪ್ಪಟೆದು ತಗೊಳ್ಳಿ. ಕಾಲು ಎಷ್ಟು ಅಗಲ ಇದೆಯೋ ತುದೀನೂ ಅಷ್ಟೇ ಇದೆ. ಮುಟ್ಟಿಸಿದ ತಕ್ಷಣ ಕರಗುತ್ತೆ, ತಕ್ಷಣ ತೆಗೀಬಹುದು."

ತಿಪ್ಪೇಸ್ವಾಮಿ ಚಪ್ಪಟೆ ಬಿಟ್ ಹಾಕಿಕೊಂಡ. ಒದ್ದೆ ಸ್ಪಂಜಿಗೆ ಒರೆಸಿ, ತುದಿಗೆ ಸೀಸ ಸವರಿದ. ಮೊದಲು ಕಾಲುಗಳ ನಡುವೆ ಕೂಡಿಕೊಂಡಿದ್ದ ಸೀಸವನ್ನು ಬಿಡಿಸಿದ. ಗೆರೆ ಕೆರೆದು, ತಂತಿ ಕೂರಿಸಿ, ಮುಟ್ಟಿಸಿ ತೆಗೆದ. ಸೀಸ ಹೊಳೆಯುತ್ತಾ ಅಲ್ಲೇ ನಿಂತಿತು, ಆಚೀಚೆ ಹರಿಯಲಿಲ್ಲ. ಉಳಿದ ಕಾಲುಗಳೂ ಹಾಗೆಯೇ ಆದವು. ಅವನ ಕೈ ನಡುಗಲಿಲ್ಲ. ಕೆಲಸ ಮುಗಿದದ್ದು ಅವನಿಗೇ ನಂಬಿಕೆಯಾಗದೆ ಮತ್ತೆ ಭೂತಗನ್ನಡಿ ತೆಗೆದುಕೊಂಡು ನೋಡಿದ.

ಸರ್ವಮಂಗಳಾ ಮಷಿನ್ ಮುಚ್ಚಿ, ಬ್ಯಾಟರಿ ಹಾಕಿ, ಮಗುವಿನ ಜೇಬಿಗಿಟ್ಟಳು. ಗಿರಿಜಮ್ಮ ವೈರನ್ನು ಕಿವಿಗೆ ಸಿಕ್ಕಿಸಿದಳು. ಬೀದಿಯಲ್ಲಿ ಒಂದು ಆಟೋ ಹಾರ್ನ್ ಹೊಡೆದು ಹೋಯಿತು. ಸಿಂಚನಾ ತಟ್ಟನೆ ಬಾಗಿಲ ಕಡೆ ತಿರುಗಿದಳು. ಗಿರಿಜಮ್ಮ ಅಲ್ಲೇ ಕುಕ್ಕರಗಾಲಲ್ಲಿ ಕುಳಿತು ಸೆರಗಿನಿಂದ ಮುಖ ಒರೆಸಿಕೊಂಡಳು.

ಅವರಿಬ್ಬರೂ ಹೋದ ಮೇಲೆ ತಿಪ್ಪೇಸ್ವಾಮಿ ಐರನ್ನಿನ ಸ್ವಿಚ್ಚು ಆರಿಸಿದ.

"ಯಾವ ಐರನ್ ಕೊಟ್ರೂ ತಿಪ್ಪೇಸ್ವಾಮಿ ಕೆಲಸ ಮಾಡ್ತಾನೆ ಅಂತ ಮೇಷ್ಟ್ರು ಒಂದಿನ ಎಲ್ಲರ ಮುಂದೆ ಹೊಗಳಿದ್ರು. ಅದನ್ನೇ ಹಿಡ್ಕೊಂಡು ಕೂತೆ ಕಣೆ" ಎಂದ.

"ನನಗೂ ನೆನಪಿದೆ. ಅವತ್ತು ಒಳ್ಳೇ ಐರನ್ ಸುಟ್ಟುಹೋಗಿತ್ತು. ಇದ್ದಿದ್ದರಲ್ಲೇ ಕೆಲಸ ಮುಗಿಸಿದ್ರಿ ಅಂತ ಹೊಗಳಿದ್ರು. ಇಡೀ ಜನ್ಮ ಅದರಲ್ಲೇ ಮಾಡಿ ಅನ್ನಲಿಲ್ಲ."

ತಿಪ್ಪೇಸ್ವಾಮಿ ನಕ್ಕುಬಿಟ್ಟ. "ನಿನ್ನ ಆವಾಗ ಬಹಳ ಗೇಲಿ ಮಾಡಿದ್ದೆ."

"ಮಾಡಿದ್ರಿ. ನನಗೆ ಅಂಗೈಲಿ ಬೊಬ್ಬೆ ಬಂದಿತ್ತು, ನಿಮಗೆ ಉತ್ತರ ಕೊಡೋಕೆ ಪುರುಸೊತ್ತಿರಲಿಲ್ಲ" ಎಂದು ಅವಳು ಟೀ ತರಿಸಿದಳು.

ಮುಂದಿನ ವಾರ ಅವನು ಚಿತ್ರದುರ್ಗಕ್ಕೆ ಹೋದ. ಅಂಗಡಿಯವನು ಬಿಸಿ ಎಷ್ಟಿದೆಯೆಂದು ಅಂಕಿ ಮಿನುಗುವ ದೊಡ್ಡದೊಂದು ಐರನ್ ತೋರಿಸಿ, "ಇದಕ್ಕಿಂತ ಮೇಲಿಲ್ಲ ಸಾರ್" ಎಂದ. ತಿಪ್ಪೇಸ್ವಾಮಿ ಅದನ್ನು ಬೆಸುಗೆ ಹಾಕುವವನಂತೆ ಹಿಡಿದು, ಮೊಣಕೈ ಊರಿ, ಗಾಳಿಯಲ್ಲೇ ಕೆಲಸ ಮಾಡುತ್ತಾ ನಿಂತ. ಅಂಗಡಿಯವನಿಗೆ ನಗು ಬಂತು. ಸ್ವಲ್ಪ ಹೊತ್ತಿಗೆ ಹಿಡಿ ದಪ್ಪವಾಯಿತೆಂದು ಬೆರಳು ಹೇಳಿತು. ಅದನ್ನು ಅಲ್ಲೇ ಇಟ್ಟ. ಒಂದೊಂದಾಗಿ ಹಿಡಿದು ನೋಡಿ, ತನ್ನ ಕೈಗೆ ಕೂತದ್ದನ್ನು ಕೊಂಡ. ನೋಡಲು ಅದು ಸಾದಾ ಇತ್ತು. ಜೊತೆಗೆ ತನ್ನ ಅಂಗಡಿಗೆ ಎಂಥೆಂಥ ಕೆಲಸ ಬರುತ್ತದೆಂದು ಯೋಚಿಸಿ, ಅಷ್ಟಕ್ಕೆ ಬೇಕಾದ ಬಿಟ್ಟುಗಳನ್ನು ಮಾತ್ರ ಆರಿಸಿಕೊಂಡ.

ಹೆಬ್ಬೆರಳಿನ ನೋವು ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಡಾಕ್ಟರು ನೋಡಿ, "ಕೀಲು ಸವೆದಿದೆ. ಇನ್ನು ಸವೆಯದ ಹಾಗೆ ನೋಡ್ಕೊಳ್ಳಿ, ಆದದ್ದು ಆಯ್ತು" ಎಂದರು.

ಕೆಲ ದಿನಗಳ ನಂತರ ಗಿರಿಜಮ್ಮ ತನ್ನ ಮಿಕ್ಸಿ ಹೊತ್ತುಕೊಂಡು ಮತ್ತೆ ಅವನ ಅಂಗಡಿಗೇ ಬಂದಳು.

"ಒಂದು ಸಲ ಕೆಡಿಸಿದೋನ ಹತ್ರ ಮತ್ತೆ ಬಂದೆಯಲ್ಲ ತಾಯಿ?" ಎಂದು ಕೇಳಿದ ತಿಪ್ಪೇಸ್ವಾಮಿ.

"ಕೆಡಿಸಿದೆ ಅಂತ ನೀವೇ ಹೇಳಿದ್ರಲ್ಲ ಅಣ್ಣಾ. ಬೇರೆ ಕಡೆ ಕೊಟ್ರೆ ಯಾರು ಕೆಡಿಸಿದ್ರು ಅಂತಾನೇ ಗೊತ್ತಾಗಲ್ಲ" ಎಂದಳು ಗಿರಿಜಮ್ಮ, ಮಿಕ್ಸಿಯನ್ನು ಮೇಜಿನ ಮೇಲಿಡುತ್ತಾ.

ತಿಪ್ಪೇಸ್ವಾಮಿ ಮಿಕ್ಸಿ ಮಗುಚಿ ನೋಡಿದ. ಒಳಗಿನ ದಪ್ಪ ತಂತಿಯೊಂದು ಕಿತ್ತುಬಂದಿತ್ತು. ಅವನು ದಪ್ಪ ಬಿಟ್ ಹಾಕಿಕೊಂಡು ಕೆಲಸಕ್ಕೆ ಕುಳಿತ.

ನೀತಿ: ಕೈಗೆ ಹೊಂದದ ಸಾಧನದಲ್ಲಿ ನೋವು ತಿಂದು ದುಡಿಯುವುದು ದೊಡ್ಡತನವಲ್ಲ. ಆ ನೋವು ಒಂದು ದಿನ ನಮ್ಮ ಕೈಯಿಂದ ಇನ್ನೊಬ್ಬರ ವಸ್ತುವಿಗೆ ಇಳಿಯುತ್ತದೆ. ಕೈಗೆ ಹಿತವಾದ ಹಿಡಿಯನ್ನೂ ಕೆಲಸಕ್ಕೆ ತಕ್ಕ ಮೊನೆಯನ್ನೂ ಆರಿಸಿಕೊಳ್ಳುವುದು ಸುಖದ ಆಸೆಯಲ್ಲ, ಕೆಲಸಕ್ಕೆ ಕೊಡುವ ಮರ್ಯಾದೆ. ಹಾಗಿದ್ದೂ ತಪ್ಪಾದರೆ, ಅದನ್ನು ಮುಚ್ಚಿಡದೆ ಹೇಳಿ, ಬಲ್ಲವರ ಬಾಗಿಲಿಗೆ ಹೋಗಬೇಕು.