ಸಬೀನಾ ದ್ವೀಪದ ಸಿಹಿಬುಗ್ಗೆಯ ಮಹಾತ್ಮೆ

ಕಾಲುವೆಗಳೇ ರಾಜಬೀದಿಗಳಾಗಿ, ದೋಣಿಗಳೇ ವಾಹನಗಳಾಗಿ, ಸಮುದ್ರತಳದ ಕೆಸರಿನಲ್ಲಿ ನೆಟ್ಟ ಮರದ ಕಂಬಗಳ ಮೇಲೆ ಅಮೃತಶಿಲೆಯ ಸೌಧಗಳನ್ನು ಹೊತ್ತು ನಿಂತಿರುವ ವೆನಿಸ್ ಮಹಾನಗರಿಗೆ ದೇಶದೇಶಾಂತರಗಳಿಂದ ಬರುವ ಯಾತ್ರಿಕರಲ್ಲಿ ಬಹುಮಂದಿ ಮಹಾದೇವಾಲಯದ ಸುವರ್ಣಚಿತ್ರಗಳನ್ನೂ ದೊಡ್ಡ ಸೇತುವೆಯನ್ನೂ ಕಂಡು, ಕರಿಯ ದೋಣಿಯಲ್ಲಿ ಒಂದು ಸುತ್ತು ವಿಹರಿಸಿ, ಕೃತಾರ್ಥರಾದೆವೆಂದು ಹಿಂದಿರುಗುತ್ತಾರೆ. ನಗರದ ಪಶ್ಚಿಮಕ್ಕೆ, ಹಿನ್ನೀರಿನ ಜೊಂಡುಗಳ ನಡುವೆ, ಒಂದು ಹೊಲದಷ್ಟೇ ವಿಸ್ತಾರವುಳ್ಳ ಸಬೀನಾ ದ್ವೀಪವಿದೆಯೆಂಬುದನ್ನು ಅವರಿಗೆ ಹೇಳುವವರಿಲ್ಲ. ಅಲ್ಲಿಗೆ ಹೋಗುವ ದೋಣಿ ಚಿಕ್ಕದು. ಅಲ್ಲಿರುವ ಇಗರ್ಜಿಗೆ ಗೋಪುರವೂ ಇಲ್ಲ. ಆದರೂ ನಾಲ್ದೆಸೆಯಿಂದಲೂ ಲವಣಜಲದಿಂದ ಆವೃತವಾದ ಆ ನೆಲದಲ್ಲಿ ಸಿಹಿನೀರಿನ ಬುಗ್ಗೆಯೊಂದು ಅನವರತ ಹರಿಯುತ್ತಿದೆ. ಅದು ಉದ್ಭವಿಸಿದ ವೃತ್ತಾಂತವನ್ನು, ದ್ವೀಪದ ವೃದ್ಧೆಯರ ಬಾಯಿಂದ ಕೇಳಿದಂತೆಯೇ ಇಲ್ಲಿ ನಿರೂಪಿಸಿದೆ.

ಪೂರ್ವಕಾಲದಲ್ಲಿ ನಗರದ ಬಾವಿಗಳೆಲ್ಲವೂ ಮಳೆನೀರನ್ನೇ ನಂಬಿದ್ದವು. ಮಳೆ ಕೈಕೊಟ್ಟಾಗ ಬ್ರೆಂತಾ ನದಿಯಿಂದ ದೋಣಿಗಳಲ್ಲಿ ಸಿಹಿನೀರು ತಂದು ಪುರಜನರ ತೃಷೆಯನ್ನು ತಣಿಸುತ್ತಿದ್ದ ನೀರುಗಾರರಲ್ಲಿ ಬೋರ್ತೊಲೊ ಎಂಬುವನೊಬ್ಬನಿದ್ದನು. ಶೈಶವದಲ್ಲೇ ಮಾತಾಪಿತೃಗಳನ್ನು ಕಳೆದುಕೊಂಡ ಅವನನ್ನು ಸಾಕಿದವಳು ಅಕ್ಕ ಜಾನೆಟ್ಟಾ. ಅವಳು ಮದುವೆಯನ್ನು ಒಲ್ಲದೆ, ಹಾಯಿಬಟ್ಟೆ ಹೊಲಿದು ತಮ್ಮನ ಹೊಟ್ಟೆ ಹೊರೆದಳು. ಅವನ ಪುಟ್ಟ ಬೆರಳುಗಳನ್ನು ತನ್ನ ಅಂಗೈಯಲ್ಲಿ ಮುಚ್ಚಿ ಹುಟ್ಟು ಹಾಕುವುದನ್ನು ಕಲಿಸಿದಳು. ಅವನು ಓರ್ಸೊಲಾ ಎಂಬ ಕನ್ಯೆಯನ್ನು ವರಿಸಿ, ಅವರಿಗೊಂದು ಹೆಣ್ಣುಕೂಸು ಹುಟ್ಟಿದಾಗ, ಆ ಕೂಸಿನ ತೊಟ್ಟಿಲನ್ನು ತೂಗಿದವಳೂ ಜಾನೆಟ್ಟಾಳೇ.

ಹೀಗಿರಲು ನಗರಕ್ಕೆ ಮಹಾಮಾರಿ ಬಂದಿತು. ರೋಗ ತಗುಲಿದವರನ್ನು ಜನವಸತಿಯಿಂದ ದೂರವಿದ್ದ ಸಬೀನಾ ದ್ವೀಪಕ್ಕೆ ಸಾಗಿಸತೊಡಗಿದರು. ಅಲ್ಲಿ ಬೆನೆದೆತ್ತಾ ಎಂಬ ವೃದ್ಧ ಸನ್ಯಾಸಿನಿಯೊಬ್ಬಳು ಅವರ ಶುಶ್ರೂಷೆ ಮಾಡುತ್ತಿದ್ದಳು. ಬೋರ್ತೊಲೊ ನದಿಗೆ ಹೋಗಿದ್ದ ಒಂದು ದಿನ ಜಾನೆಟ್ಟಾ ತನ್ನ ಕಂಕುಳಲ್ಲಿ ಗಡ್ಡೆ ಎದ್ದಿರುವುದನ್ನು ತಾನೇ ಕಂಡುಕೊಂಡು, ಬಟ್ಟೆಯ ಗಂಟಿನೊಡನೆ ಹೊಸ್ತಿಲ ಹೊರಗೆ ನಿಂತು, "ಕೂಸನ್ನು ಒಳಗೆ ಕರೆದುಕೋ, ಓರ್ಸೊಲಾ. ನಾನು ಹೊರಟೆ. ತಮ್ಮ ಬಂದರೆ ಹೇಳು," ಎಂದಷ್ಟೇ ನುಡಿದು ರೋಗಿಗಳ ದೋಣಿ ಹತ್ತಿದಳು.

ನದಿಯಿಂದ ಬರುವ ನೀರುಗಾರರು ದ್ವೀಪದವರಿಗಾಗಿ ನೀರಿನ ಪೀಪಾಯಿಯನ್ನು ದಡದಿಂದ ಆಚೆ ನೀರಿನಲ್ಲಿ ನೆಟ್ಟ ಗೂಟವೊಂದಕ್ಕೆ ಕಟ್ಟಿ ಹೋಗಬೇಕು, ದಡ ಮಾತ್ರ ಮುಟ್ಟಬಾರದು ಎಂಬುದು ಆ ಕಾಲದ ಕಟ್ಟಳೆ. ನಿಂತು ಮಾತಾಡುವುದಕ್ಕೆ ಅಡ್ಡಿಯಿರಲಿಲ್ಲ. ಆದರೆ ರೋಗಿಗಳ ದೃಷ್ಟಿಯಿಂದಲೂ ವ್ಯಾಧಿ ಅಂಟುವುದೆಂಬ ಭಯ ಊರೆಲ್ಲ ಹಬ್ಬಿತ್ತು.

ಓರ್ಸೊಲಾ ನದಿಯಿಂದ ಮರಳಿದ ಗಂಡನಿಗೆ ಸುದ್ದಿ ತಿಳಿಸಿ, ಅವನ ತೋಳು ಹಿಡಿದು, "ಅವರ ಕಣ್ಣು ಬಿದ್ದರೂ ಸಾಕಂತೆ. ನೀರು ಕಟ್ಟಿ ಬನ್ನಿ, ಬೇಡ ಅನ್ನುವುದಿಲ್ಲ. ಅತ್ತ ತಿರುಗಿ ಮಾತ್ರ ನೋಡಬೇಡಿ. ಈ ಕೂಸಿನ ಮೇಲೆ ಆಣೆ," ಎಂದಳು.

ಮರುದಿನ ಬೋರ್ತೊಲೊ ಟೋಪಿಯನ್ನು ಹುಬ್ಬಿನವರೆಗೂ ಎಳೆದುಕೊಂಡು ಗೂಟಕ್ಕೆ ಪೀಪಾಯಿ ಕಟ್ಟುತ್ತಿರುವಾಗ ದಡದಿಂದ ಪರಿಚಿತವಾದ ದನಿ ಕೇಳಿಬಂದಿತು.

"ತಮ್ಮಾ! ನೀರು ಬೇಕಾದಷ್ಟಿದೆ, ಅದನ್ನು ಕೇಳುತ್ತಿಲ್ಲ. ನಿನಗೆ ಹೇಳದೆ ಬಂದುಬಿಟ್ಟೆನಲ್ಲ. ಒಂದು ಸಲ ಇತ್ತ ತಿರುಗು, ಮುಖ ನೋಡಿ ಕಳಿಸುತ್ತೇನೆ."

ಅವನು ಗಂಟನ್ನು ಬಿಗಿದನು. ಕಣ್ಣೆದುರು ಕೂಸಿನ ಮುಖ ಸುಳಿಯಿತು. ಅವನು ತಿರುಗಲಿಲ್ಲ. ಹುಟ್ಟನ್ನು ನೀರಿಗಿಳಿಸಿ ಹೊರಟುಹೋದನು. ಅನಂತರದ ದಿನಗಳಲ್ಲಿಯೂ ಹಾಗೆಯೇ ನಡೆಯಿತು. ಮೊದಮೊದಲು ನಿಂತು ಕರೆಯುತ್ತಿದ್ದ ಜಾನೆಟ್ಟಾ ಬರಬರುತ್ತ ದಡದ ಕಲ್ಲಿನ ಮೇಲೆ ಕುಳಿತು ಕರೆದಳು; ಆಮೇಲೆ ಸನ್ಯಾಸಿನಿಯ ಹೆಗಲಿಗೊರಗಿ, ದನಿ ಅರ್ಧದಾರಿಗೇ ಬತ್ತಿಹೋಗುವಂತೆ ಕರೆದಳು. ನಾಳೆ ತಿರುಗೋಣ, ರೋಗ ಇಳಿಮುಖವಾದ ಮೇಲೆ ತಿರುಗೋಣ ಎಂದು ಬೋರ್ತೊಲೊ ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದನು.

ಒಂದು ಬೆಳಗ್ಗೆ ಅವನು ಪೀಪಾಯಿ ಕಟ್ಟಿ ಮುಗಿಸಿದರೂ ಕರೆ ಬರಲಿಲ್ಲ. ಗಂಟನ್ನು ಬಿಚ್ಚಿ ಮತ್ತೆ ಕಟ್ಟಿದನು. ಕರೆ ಬರಲಿಲ್ಲ. ಆಗ ಅವನು ತಿರುಗಿ ನೋಡಿದನು. ದಡದಲ್ಲಿ ಯಾರೂ ಇರಲಿಲ್ಲ.

ಕಟ್ಟಳೆಯನ್ನೂ ಆಣೆಯನ್ನೂ ಮರೆತು ದೋಣಿಯನ್ನು ದಡಕ್ಕೆ ನುಗ್ಗಿಸಿದ ಅವನನ್ನು ಬೆನೆದೆತ್ತಾ ಎದುರುಗೊಂಡಳು.

"ಯಾರಪ್ಪಾ ನೀನು? ಇಲ್ಲಿಗೆ ಬರಬಾರದು."

"ಜಾನೆಟ್ಟಾಳ ತಮ್ಮ."

ಸನ್ಯಾಸಿನಿಯು ಅವನ ಮುಖವನ್ನು ನೋಡಿ, "ನಸುಕಿನಲ್ಲಿ ತೀರಿಕೊಂಡಳು. ದೋಣಿ ಬರುವ ಹೊತ್ತಾಯಿತು, ದಡಕ್ಕೆ ಎತ್ತಿಕೊಂಡು ಹೋಗು ಅಂದಳು. ನನ್ನ ತೋಳಿನಲ್ಲಿ ಅಷ್ಟು ಕಸುವಿರಲಿಲ್ಲ," ಎಂದಳು.

"ನನ್ನ ಮೇಲೆ ಕೋಪವಿತ್ತೇ, ಅಮ್ಮಾ?"

"ಕೋಪವೇ? ಎಂಥ ತಮ್ಮನಮ್ಮಾ ಇವನು, ತಿರುಗಿಯೂ ನೋಡಲಿಲ್ಲವಲ್ಲ ಎಂದು ನಾನೇ ಒಮ್ಮೆ ಆಡಿಬಿಟ್ಟೆ. ನಿನ್ನ ಅಕ್ಕ ನಕ್ಕಳು. ಬಿಸಿಲು ಕಣ್ಣಿಗೆ ಹೊಡೆಯುತ್ತಿರಬೇಕು, ಅದಕ್ಕೇ ಟೋಪಿ ಎಳೆದುಕೊಂಡಿದ್ದಾನೆ ಅಂದಳು."

ಆ ಮಾತನ್ನು ಕೇಳಿ ಬೋರ್ತೊಲೊ ನೆಲಕ್ಕುರುಳಿದನು. ಬಳಿಕ ಎದ್ದು, ನಗರಕ್ಕೆಂದು ತಂದಿದ್ದ ನೀರನ್ನೆಲ್ಲ ಹೊತ್ತು ತಂದು, ಆಗಲೇ ಹೂಳಿದ್ದ ಅಕ್ಕನ ಹಸಿಮಣ್ಣಿನ ಸಮಾಧಿಯ ಮೇಲೆ ಸುರಿದನು. ಮರಳು ಅದನ್ನು ಕುಡಿದು ಮತ್ತೆ ಒಣಗಿತು. ಯಾವ ಪವಾಡವೂ ಆ ದಿನ ನಡೆಯಲಿಲ್ಲ.

ದಡ ಮುಟ್ಟಿದವನು ಊರಿಗೆ ಮರಳುವಂತಿಲ್ಲವಾದ್ದರಿಂದ ಅವನು ಅಲ್ಲೇ ಉಳಿದು, ಸಾಯುವವರ ತುಟಿಗೆ ನೀರು ಹನಿಸುತ್ತ, ಪ್ರತಿಯೊಬ್ಬರ ಮುಖವನ್ನೂ ಕಣ್ತುಂಬ ನೋಡುತ್ತ ಸೇವೆಗೈದನು. ವ್ಯಾಧಿ ಅವನನ್ನು ಮುಟ್ಟಲಿಲ್ಲ. ಅದನ್ನು ಕೃಪೆಯೆನ್ನುವವರುಂಟು, ಶಿಕ್ಷೆಯೆನ್ನುವವರೂ ಉಂಟು. ಮಹಾಮಾರಿ ಶಾಂತವಾದ ಮೇಲೆ ಓರ್ಸೊಲಾ ಮಗಳನ್ನು ಕರೆದುಕೊಂಡು ಬಂದು, "ಆಣೆ ಹಾಕಿದವಳು ನಾನು. ಪಾಪವೂ ನನ್ನದೇ," ಎಂದು ಅತ್ತಾಗ ಅವನು, "ಆಣೆ ನಿನ್ನದು, ತಿರುಗದ ಕತ್ತು ನನ್ನದಾಗಿತ್ತಲ್ಲ," ಎಂದನು. ಅವರು ಆ ದ್ವೀಪದಲ್ಲಿಯೇ ಮನೆ ಮಾಡಿದರು.

ವರ್ಷಗಳುರುಳಿದವು. ಬೋರ್ತೊಲೊ ವೃದ್ಧನಾಗಿ ಹುಟ್ಟು ಹಿಡಿಯಲಾರದಾದರೂ ಪ್ರತಿ ಪ್ರಾತಃಕಾಲವೂ ಒಂದು ಕೊಡ ಸಿಹಿನೀರನ್ನು ಅಕ್ಕನ ಸಮಾಧಿಗೆ ಎರೆಯುವುದನ್ನು ಬಿಡಲಿಲ್ಲ. ಆಗೊಮ್ಮೆ ಘೋರವಾದ ಅನಾವೃಷ್ಟಿಯುಂಟಾಗಿ, ನದಿ ಸೊರಗಿ, ಕುಡಿಯುವುದಕ್ಕೇ ನೀರಿಲ್ಲದಂತಾಯಿತು. ಖಾಲಿ ಕೊಡದೊಡನೆ ಸಮಾಧಿಯ ಬಳಿಗೆ ಬಂದ ಆ ಮುದುಕನು, "ಅಕ್ಕಾ, ಇವತ್ತು ಏನೂ ತಂದಿಲ್ಲ," ಎಂದು ಮಂಡಿಯೂರಿ ಅಳುತ್ತಿರಲು, ಕರುಣಾಮಯಿಯಾದ ದೇವಮಾತೆಯ ವಾಣಿಯು ಆಕಾಶದಿಂದ ಕೇಳಿಬಂದಿತು:

"ಎಲೈ ವತ್ಸ, ನೀನೆರೆದ ಜಲದಲ್ಲಿ ಒಂದು ಹನಿಯೂ ಕಡಲನ್ನು ಸೇರಿಲ್ಲ, ಸಮಸ್ತವೂ ಈ ಭೂಗರ್ಭದಲ್ಲಿ ಸಂಚಿತವಾಗಿದೆ. ಅದನ್ನು ತೃಷಾರ್ತರಿಗಾಗಿ ಹಿಂದಿರುಗಿಸುತ್ತಿದ್ದೇನೆ. ಆದರೆ ಕಳೆದುಹೋದ ಆ ಕ್ಷಣವು ಹಿಂದಿರುಗತಕ್ಕದ್ದಲ್ಲ. ಅದನ್ನು ನೀನು ಹೊತ್ತೇ ಬಾಳಬೇಕು. ಹೊತ್ತವನನ್ನು ನಾನು ಕೈಬಿಡೆನು."

ವಾಣಿಯು ನಿಂತೊಡನೆ ಸಮಾಧಿಶಿಲೆಯ ಬುಡದಲ್ಲಿ ಮರಳು ಕುಸಿದು ಗುಂಡಿಯಾಗಿ, ಸ್ಫಟಿಕಸದೃಶವಾದ ನೀರು ಉಕ್ಕಿ ಗುಂಡಿ ತುಂಬಿತು. ದ್ವೀಪವಾಸಿಗಳು ಬಿಂದಿಗೆಗಳೊಡನೆ ಓಡಿಬಂದರು. ನಗರದಿಂದಲೂ ದೋಣಿಗಳು ಬಂದವು. ಬೋರ್ತೊಲೊ ಮಾತ್ರ ಆ ನೀರಿನ ಮೇಲೆ ಬಾಗಿ, ಅಕ್ಕನ ಮುಖ ಕಂಡೀತೇನೋ ಎಂದು ಹುಡುಕಿದನು. ಕಂಡದ್ದು ಅವನದೇ ಮುದಿಮುಖ. ಅವನು ಆ ನೀರನ್ನು ಕಡೆಯವರೆಗೂ ಕುಡಿಯಲಿಲ್ಲವೆಂದು ಕೆಲವರು ಹೇಳುತ್ತಾರೆ. ಕುಡಿದನೆಂದೂ, ಅವನ ನಾಲಗೆಗೆ ಮಾತ್ರ ಅದು ಉಪ್ಪೆನಿಸಿತೆಂದೂ ಇನ್ನು ಕೆಲವರು.

ಬುಗ್ಗೆಯು ಇಂದಿಗೂ ಇಗರ್ಜಿಯ ಹಿಂಬದಿಯಲ್ಲಿ, ಪಾಚಿಗಟ್ಟಿದ ಶಿಲೆಯೊಂದರ ಕೆಳಗೆ ಹರಿಯುತ್ತಿದೆ. ಜೊತೆಗೆ ಬಂದವರ ಮುಖವನ್ನು ನೋಡಿ ಮೊದಲ ಬೊಗಸೆಯನ್ನು ಅವರಿಗೆ ಕುಡಿಸಿ, ಅನಂತರ ತಾವು ಕುಡಿಯುವುದು ಇಲ್ಲಿಯ ಸಂಪ್ರದಾಯ. ಒಬ್ಬರೇ ಬಂದವರು ದೋಣಿಯವನಿಗೆ ಕುಡಿಸುತ್ತಾರೆ. ಬೇಸಗೆಯ ಒಂದು ಭಾನುವಾರ ಹಿನ್ನೀರಿನ ದೋಣಿಗಾರರೆಲ್ಲರೂ ಟೋಪಿ ತೆಗೆದು ದ್ವೀಪವನ್ನು ಒಂದು ಸುತ್ತು ಬರುವರು. ಅಂದು ಹಾಡಿಲ್ಲ, ವಾದ್ಯವಿಲ್ಲ.

ಯಾತ್ರಿಕರು ದೋಣಿಯಿಂದ ಇಳಿಯುವ ಕಟ್ಟೆಯ ಮೊದಲ ಮೆಟ್ಟಿಲು ಬೋರ್ತೊಲೊವಿನ ಸಮಾಧಿಯೆಂದು ಪ್ರತೀತಿ. ಅಕ್ಕನ ಪಕ್ಕದಲ್ಲಿ ಮಲಗುವ ಯೋಗ್ಯತೆ ತನಗಿಲ್ಲ, ಜನ ತುಳಿದು ಹೋಗುವಲ್ಲಿ ಹೂಳಿರಿ ಎಂದು ಅವನೇ ಕೇಳಿಕೊಂಡಿದ್ದನಂತೆ, ಹಾಗೆಯೇ ಮಾಡಿದರು. ಜಾನೆಟ್ಟಾ ಬದುಕಿದ್ದರೆ ಇದಕ್ಕೆ ಒಪ್ಪುತ್ತಲೇ ಇರಲಿಲ್ಲವೆಂದು ದ್ವೀಪದ ಹೆಂಗಸರು ಇಂದಿಗೂ ಹೇಳುತ್ತಾರೆ.