ತಪ್ಪಿದರೆ ತಲೆ

"ಕೇಳ್ರಪ್ಪೋ ಕೇಳಿ! ರಾಣಿ ಗುಣಾಂಬೆಯವರ ಮೂರು ಒಗಟು ಬಿಡಿಸಿದವರಿಗೆ ಕೇಳಿದ್ದು ಸಿಗುತ್ತದೆ. ತಪ್ಪಿದರೆ ತಲೆ!"

ಆ ಕೊನೆಯ ಮಾತು ರಾಣಿ ಹೇಳಿಸಿದ್ದಲ್ಲ. ಅವಳ ತಂದೆಯ ಕಾಲದಲ್ಲಿ ಡಂಗುರವೆಲ್ಲ ಹಾಗೇ ಮುಗಿಯುತ್ತಿತ್ತು. ಸಾರುವವನ ಬಾಯಿಗೆ ಅದೇ ರೂಢಿ. ಉಪ್ಪರಿಗೆಯಲ್ಲಿ ನಿಂತು ಕೇಳಿದ ರಾಣಿ ಬೇಡ ಅನ್ನಬಹುದಿತ್ತು. ಅನ್ನಲಿಲ್ಲ. ಅಪ್ಪನ ಮಾತು ಕಿವಿಗೆ ಬಿದ್ದು ಎಷ್ಟು ಕಾಲವಾಗಿತ್ತೋ, ಪಾಪ!

ಆ ಅಪ್ಪನನ್ನು ನಾಡಿನವರೇ ಹೊಳೆಯಾಚೆ ಅಟ್ಟಿದ್ದರು. ಕಂಡಕಂಡವರ ತಲೆ ತೆಗೆಸುವ ದೊರೆ ಯಾರಿಗೆ ಬೇಕು? ಮಗಳನ್ನೂ ಅಳಿಯ ರಾಚರಸನನ್ನೂ ಜೋಡಿಯಾಗಿ ಪಟ್ಟಕ್ಕೆ ಕೂರಿಸಿ, ನಾಡಸಭೆ ಒಪ್ಪದೆ ಯಾರ ತಲೆಯನ್ನೂ ಮುಟ್ಟುವುದಿಲ್ಲವೆಂದು ಇಬ್ಬರಿಂದಲೂ ಮಾತು ತೆಗೆದುಕೊಂಡಿದ್ದರು. ಅಂದಿನಿಂದ ರಾಣಿಗೆ ತುತ್ತು ಗಂಟಲಲ್ಲಿ ಇಳಿಯದು. ಹೆತ್ತವನ ಪೀಠ ಕಸಿದೆ ಎಂದು ಒಬ್ಬರಾದರೂ ಮುಖಕ್ಕೆ ಹೇಳಲಿ ಎಂದೇ ಒಗಟು ಕಟ್ಟಿದ್ದಳು.

"ಇಬ್ಬರು ಕೂತರೂ ಬರಿದಾಗೇ ಇರುವ ಪೀಠ ಯಾವುದು?"

ಆಸ್ಥಾನದ ಪಂಡಿತ ಉಯ್ಯಾಲೆ ಎಂದ. ಒಬ್ಬ ಪಾಳೆಯಗಾರ, "ಜಗಳವಾಡಿದ ಗಂಡಹೆಂಡಿರ ಮಂಚ!" ಎಂದು ತಾನೇ ನಕ್ಕ. ಇಬ್ಬರನ್ನೂ ಕಂಬಕ್ಕೆ ಕಟ್ಟಿದರು.

"ಗುಣಾ, ನಾವು ಮಾತು ಕೊಟ್ಟಿದ್ದೇವೆ," ಎಂದ ರಾಚರಸ.

"ಡಂಗುರ ಆಗಿಹೋಗಿದೆ," ಎಂದಳು. ತನ್ನ ಬಾಯಲ್ಲಿ ಅಪ್ಪನ ದನಿ ಅವಳಿಗೇ ಕೇಳಿಸಿತು.

ಆಗ ಬಂದ ನೋಡಿ ಹರಿಗೋಲಿನ ದ್ಯಾವ, ಹೆಗಲ ಮೇಲೆ ಹುಟ್ಟು ಹೊತ್ತುಕೊಂಡೇ.

"ಪಟ್ಟಕ್ಕೆ ಏರೋರನ್ನ ಹೆತ್ತೋರೇ ಕೈಹಿಡಿದು ಕೂರಿಸೋದು ನಮ್ಮ ಪದ್ಧತಿ. ನಿಮ್ಮನ್ನ ಅಪ್ಪ ಕೂರಿಸಿದ್ರಾ ತಾಯಿ? ನೀವಿಬ್ರೂ ಕೂತಿರೋ ಪೀಠವೇ ಅದು."

ರಾಣಿ ಎರಡನೆಯದು ಕೇಳಿದಳು: "ಕೈಯಿಲ್ಲದಿದ್ದರೂ, ಕತ್ತಿ ಎತ್ತಿದ ಕೈಯನ್ನು ಹಿಡಿಯುವುದು ಯಾವುದು?"

"ಕೊಟ್ಟ ಮಾತು. ನೀವು ನಾಡಿಗೆ ಕೊಟ್ಟದ್ದು."

ಮೂರನೆಯದನ್ನು ಮುಂದಕ್ಕೆ ಬಾಗಿ ಕೇಳಿದಳು. "ಹೊತ್ತವರು ಇಳಿಸಲಾರದ, ಬೇರೆಯವರು ಹೊರಲಾರದ ಹೊರೆ ಯಾವುದು?"

"ಮಾಡಿದ ತಪ್ಪು, ತಾಯಿ. ಇಳಿಸೋಕಾಗಲ್ಲ, ನಿಜ. ಅದರ ಮೇಲೆ ಇನ್ನೊಂದು ಹೇರಿಕೊಳ್ಳದೆ ಇರಬಹುದು." ದ್ಯಾವ ಕಂಬದ ಕಡೆ ನೋಡಿದ. "ನಂಗೆ ಬೇಕಾದ್ದು ಆ ಎರಡು ತಲೆ. ಕತ್ತಿನ ಮೇಲೇ ಇರಲಿ."

ರಾಣಿ ಎದ್ದು ತಾನೇ ಹಗ್ಗ ಬಿಚ್ಚಿದಳು. ಪೀಠದ ಪಕ್ಕದಲ್ಲಿದ್ದ ಅಪ್ಪನ ಕತ್ತಿಯನ್ನು ಗಂಡಹೆಂಡಿರಿಬ್ಬರೂ ಹಿಡಿದು ತಂದು ನಾಡಸಭೆಯ ಹಿರಿಯರ ಕೈಗೆ ಕೊಟ್ಟರು. ದ್ಯಾವನಿಗೆ ಆ ಸಭೆಯಲ್ಲೇ ಜಾಗವಾಯಿತು.

ಎಲ್ಲರೂ ಹೋದ ಮೇಲೆ ರಾಣಿ ಅವನನ್ನು ತಡೆದಳು. "ಅಪ್ಪನನ್ನು ಹೊಳೆ ದಾಟಿಸಿದವನು ನೀನೇ ಅಲ್ಲವೇ? ನನಗೆ ಏನೆಂದು ಶಾಪ ಹಾಕಿದರು?"

"ಶಾಪವೇ? ಇಲ್ಲ ತಾಯಿ. ದಡ ಮರೆಯಾಗೋವರೆಗೂ ತಿರುಗಿ ನೋಡ್ತಾನೇ ಇದ್ರು. ಆಮೇಲೆ ಒಂದೇ ಮಾತು, 'ಮಗಳು ಉಂಡಳೋ ಇಲ್ಲವೋ' ಅಂದ್ರು."

ರಾಣಿ ಅಲ್ಲೇ ನೆಲಕ್ಕೆ ಕುಸಿದು, ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. ನಾಡು ಮಾತ್ರ ಅಂದು ನೆಮ್ಮದಿಯಾಗಿ ಉಂಡಿತು.